ಬಡಗಿಗೆ ಹೇಳಿದರಾಗದೇ?

ಹಲಸಿನ ಹಲಗೆಯಿಂದ ನಾನೇ ಒಂದು ಸ್ಟೂಲು ಮಾಡುತ್ತಿದ್ದುದನ್ನು ಕಂಡ ಬಂಧುವೊಬ್ಬರು, “ಭಾವಾ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ? ಬಡಗಿಗೆ ಹೇಳಿದರಾಗದೇ?” ಎಂದರು. ಮಾತಿನಲ್ಲಿ ಕಾಳಜಿಯಿತ್ತು. ಓದಿದವನು ಉಳಿ ಹಿಡಿಯಬಾರದೆಂಬ ತಿರಸ್ಕಾರವೂ ಇತ್ತು. ನನ್ನ ತಕರಾರು ಆ ತಿರಸ್ಕಾರದ ಮೇಲೆ.

ಗರಗಸ, ಉಜ್ಜುಗೊರಡು, ಎರಡು ಉಳಿ, ಕೊಡತಿ, ಮೂಲೆಮಟ್ಟ. ಸ್ಟೂಲಿಗೆ ಇಷ್ಟು ಸಾಕು. ಕಾಲಿನಲ್ಲಿ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂರಿಸಬೇಕು. ನಾಲಗೆಯು ಪಟ್ಟಿಯ ದಪ್ಪದ ಸುಮಾರು ಮೂರರಲ್ಲೊಂದು ಭಾಗವಿರಬೇಕು. ತೀರ ತೆಳುವಾದರೆ ಅದು ಮುರಿಯುತ್ತದೆ, ತೀರ ದಪ್ಪವಾದರೆ ಕಾಲು ಸೀಳುತ್ತದೆ. ಚೌಕಟ್ಟಿನ ಮೂಲೆಗಳು ಸರಿಯಾಗಿವೆಯೇ ಎಂದು ತಿಳಿಯಲು ಎರಡು ಕರ್ಣಗಳನ್ನೂ ಅಳೆದು ನೋಡಬೇಕು. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚೇನೂ ಬದಲಾಗದು. ಇದನ್ನರಿಯದೆ ಬಿಗಿದರೆ ಅದು ಬಿರುಕು ಬಿಡುತ್ತದೆ. ಇದು ವಿದ್ಯೆಯಲ್ಲವೆನ್ನುವವರು ಯಾವುದನ್ನು ವಿದ್ಯೆಯೆನ್ನುತ್ತಾರೆ?

ಕಸುಬಿನ ಮೂಲಕವೇ ಪಾಠ ನಡೆಯಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಾಲೆಗಳಿಗೆ ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಚೀಲವಿಲ್ಲದೆ ಬಡಗಿ, ಕುಂಬಾರರಂಥವರ ಬಳಿ ಕಲಿಯಲಿ ಎಂದಿತು. ಹತ್ತು ದಿನಗಳಲ್ಲಿ ಕೈ ಪಳಗುವುದುಂಟೇ?

ಸರಕಾರಗಳನ್ನಷ್ಟೇ ದೂರಿದರೆ ಆತ್ಮವಂಚನೆಯಾದೀತು. ಪರೀಕ್ಷೆ ಹತ್ತಿರವಾದೊಡನೆ ಕೈಕೆಲಸದ ಪೀರಿಯಡನ್ನು ಗಣಿತಕ್ಕೆ ಕಸಿದುಕೊಂಡವನು ನಾನೇ. “ಲೆಕ್ಕ ಬಾರದಿದ್ದರೆ ಮರಗೆಲಸಕ್ಕಾದರೂ ಆದಾನು” ಎಂದು ತರಗತಿಯಲ್ಲಿ ಹುಡುಗನೊಬ್ಬನನ್ನು ಹಂಗಿಸಿದವನೂ ನಾನೇ. ಹಿಂದಿನ ಬೆಂಚಿನಲ್ಲಿದ್ದ ಬಡಗಿಯ ಮಗ ತಲೆ ತಗ್ಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೈಯ ವಿದ್ಯೆಯನ್ನು ಕೆಲವು ಜಾತಿಗಳಿಗೆ ಕಟ್ಟಿಹಾಕಿ, ಬಳಿಕ ಅದನ್ನೇ ಕೀಳೆಂದ ಸಮಾಜದ ಮಾತನ್ನು ನಾನು ಮೇಷ್ಟರ ಕುರ್ಚಿಯಲ್ಲಿ ಕುಳಿತು ಆಡಿದೆ. ಅವನು ಇದನ್ನು ಓದುತ್ತಿದ್ದರೆ, ಅವನಲ್ಲಿ ಕ್ಷಮೆ ಬೇಡುತ್ತೇನೆ.

ನಾವೇ ಮಾಡಿಕೊಂಡರೆ ಬಡಗಿಯ ಅನ್ನ ಕಿತ್ತಂತಾಗದೇ ಎಂದು ಕೆಲವರು ಕೇಳಬಹುದು. ಅವನ ಅನ್ನಕ್ಕೆ ಕುತ್ತು ತಂದದ್ದು ನನ್ನ ಸ್ಟೂಲಲ್ಲ. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ, ನೀರು ಕುಡಿದರೆ ಉಬ್ಬುವ ಅಂಗಡಿಯ ಸಾಮಾನು. ಒಮ್ಮೆ ತಾನೇ ಜೋಡಣೆ ಕೆತ್ತಿ ನೋಡಿದವನು ಬಡಗಿಯ ಕೂಲಿಯಲ್ಲಿ ಚೌಕಾಸಿ ಮಾಡಲಾರ.

ಆದ್ದರಿಂದ, ಈಗ ತಂದೆತಾಯಿಯರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ: ಮಕ್ಕಳ ಕೈಗೆ ಗರಗಸ ಕೊಡಿ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಮೊದಲ ಮಣೆ ಸೊಟ್ಟಗಾದರೆ ಆಗಲಿ. ನನ್ನ ಸ್ಟೂಲಿನ ಒಂದು ಕಾಲೂ ತುಸು ಗಿಡ್ಡವೇ. ಮನೆಗೆ ಬಂದವರು ಅದರ ಮೇಲೆ ಕುಳಿತು ನಗಬಹುದು. ಬಡಗಿಗೆ ಹೇಳಿದರಾಗದೇ ಎಂದು ಮಾತ್ರ ಕೇಳಬಾರದು.