ಕಲೆಗೆ ಕಾಣಿಕೆಯೋ, ಟೋಕನ್ನಿನ ವ್ಯಾಪಾರವೋ?

ನಾಟಕ, ಗಮಕ, ಚಿತ್ರ, ಗ್ರಂಥ ಇವುಗಳಿಗೆ ಧನಾಭಾವವೆಂಬುದು ಹಳೆಯ ರೋಗ. ಇದಕ್ಕೆ ಬ್ಲಾಕ್‌ಚೈನ್ ಟೋಕನ್ನೆಂಬ ಹೊಸ ಔಷಧವನ್ನು ಕೆಲವರು ಸಾರುತ್ತಿದ್ದಾರೆ. ಕಲಾವಿದನು ತನ್ನ ಕೃತಿಯ ಹೆಸರಿನಲ್ಲಿ ಟೋಕನ್ನುಗಳನ್ನು ಹೊರಡಿಸುವನು; ರಸಿಕರು ಕೊಳ್ಳುವರು; ಯಾರೂ ತಿದ್ದಲಾಗದ ಸಾರ್ವಜನಿಕ ಲೆಕ್ಕದಲ್ಲಿ ಅದು ದಾಖಲಾಗುವುದು; ಮುಂದೆ ಟೋಕನ್ ಕೈಬದಲಾದಾಗಲೆಲ್ಲ ಕಲಾವಿದನಿಗೆ ಪಾಲು ಸಲ್ಲುವುದು. ಇದು ಪೂರ್ವಪಕ್ಷ. ಕೇಳಲು ಇಂಪಾಗಿದೆ, ವಿಚಾರಿಸಿದರೆ ನಿಲ್ಲುವುದಿಲ್ಲ.

ಮೊದಲು ಆ ಪಾಲಿನ ಮಾತು. ಬಹುಮಟ್ಟಿಗೆ ಅದನ್ನು ಕೊಡಿಸುತ್ತಿದ್ದುದು ಬ್ಲಾಕ್‌ಚೈನ್ ಅಲ್ಲ, ಟೋಕನ್ ಮಾರುವ ಪೇಟೆ. ಅಂತಹ ಪೇಟೆಗಳಲ್ಲಿ ದೊಡ್ಡದಾದ ಓಪನ್‌ಸೀ 2023ರಲ್ಲಿ ಅದನ್ನು ಮಾರುವವರ ಇಚ್ಛೆಗೆ ಬಿಟ್ಟಿತು. ಇಚ್ಛೆಗೆ ಬಿಟ್ಟ ಮೇಲೆ ಅದು ಹಕ್ಕಲ್ಲ, ಭಿಕ್ಷೆ.

ಎರಡನೆಯದು, ಕೊಂಡವನ ಸ್ಥಿತಿ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಹಕ್ಕನ್ನು ವಹಿಸಿಕೊಡಲು ಸಹಿಮಾಡಿದ ಬರಹ ಬೇಕು. ಟೋಕನ್ ಕೈಸೇರಿದ ಮಾತ್ರಕ್ಕೆ ಕೃತಿ ಅವನದಾಗದು. ಹಾಗಾದರೆ ಅವನು ಕೊಂಡದ್ದೇನು? ದರ ಏರೀತೆಂಬ ಆಸೆಯನ್ನು. ಆ ಆಸೆ ಫಲಿಸಿದರೂ 2022ರಿಂದ ಲಾಭಕ್ಕೆ ಶೇಕಡ 30ರ ತೆರಿಗೆಯುಂಟು. ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುದನ್ನು ಕಂಡ ಭದ್ರಾವತಿಯವರಿಗೆ ಇದನ್ನು ಬೋಧಿಸಬೇಕಾಗಿಲ್ಲ: ಯಂತ್ರ ತಿರುಗುವವರೆಗೇ ಷೇರುಪತ್ರಕ್ಕೆ ಬೆಲೆ. ಟೋಕನ್ನಿಗಾದರೋ ತಿರುಗಲು ಯಂತ್ರವೇ ಇಲ್ಲ.

ಹಲವರು ಕೂಡಿ ಕಲೆಯನ್ನು ಸಾಕುವುದು ಹೊಸತೂ ಅಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಲ್ಲಿ ಹುಟ್ಟಿ ಚಂದಾದಾರರ ಬಲದಿಂದ ಬೆಳೆಯಿತು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಇತ್ತರು. 2013ರಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’ ಚಿತ್ರಕ್ಕೆ 110 ಮಂದಿ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿಸಿದರು. ಇವುಗಳಲ್ಲಿ ಯಾವುದಕ್ಕೂ ಟೋಕನ್ ಬೇಕಾಗಲಿಲ್ಲ; ಬೇಕಾದುದು ನಂಬಿಕೆ.

ಆ ನಂಬಿಕೆ ಎಲ್ಲಿ ಹೋಯಿತೆಂದು ಕೇಳಬೇಕಾದುದು ನ್ಯಾಯ. ಚಂದಾ ಎತ್ತಿ ಲೆಕ್ಕ ತೋರಿಸದ ಸಮಿತಿಗಳು ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಿಜಮಾಡಿ, ಈ ಮಾಯೆಗೆ ಬಾಗಿಲು ತೆರೆದಿವೆ. ತೆರೆದ ಲೆಕ್ಕದ ಆಸೆಯು ಯೋಗ್ಯವಾದುದೇ. ಆದರೆ ಬ್ಲಾಕ್‌ಚೈನ್ ಬಲ್ಲುದು ಹಣ ಯಾರಿಂದ ಯಾರಿಗೆ ಹೋಯಿತೆಂಬುದನ್ನು. ನಾಟಕ ರಂಗವೇರಿತೇ, ನಟನಿಗೆ ಸಂಭಾವನೆ ಮುಟ್ಟಿತೇ ಎಂಬುದನ್ನು ಅದು ಅರಿಯದು. ಅಳಿಸಲಾಗದಂತೆ ಬರೆದ ಸುಳ್ಳು ಸುಳ್ಳೇ.

ಕರ್ನಾಟಕ ಸಂಘವು 1930ರಲ್ಲಿ ಶಿವಮೊಗ್ಗೆಯಲ್ಲಿ ಹುಟ್ಟಿತು. ನೀನಾಸಂ 1949ರಲ್ಲಿ ಹೆಗ್ಗೋಡಿನಲ್ಲಿ. ಅಂತಹ ಜಿಲ್ಲೆಯ ಕಲಾಸಂಘಗಳು ಮಾಡಬೇಕಾದುದು ಇಷ್ಟೇ: ಪ್ರದರ್ಶನಕ್ಕೆ ಮೊದಲೇ ಚಂದಾದಾರರನ್ನು ಹೊಂದಿಸಲಿ; ಮುಗಿದ ತಿಂಗಳಿನೊಳಗೆ ಆಯವ್ಯಯವನ್ನು ಅಚ್ಚುಹಾಕಿಸಿ ಪ್ರತಿಯೊಬ್ಬರ ಕೈಗಿಡಲಿ; ಕಲಾವಿದನ ಪಾಲನ್ನು ಸಹಿಮಾಡಿದ ಕರಾರಿನಲ್ಲಿ ಬರೆಯಲಿ. ಹಣ ಕೊಟ್ಟವನು ಮುಂದಿನ ಸಾಲಿನಲ್ಲಿ ಕುಳಿತು ನಾಟಕವನ್ನು ನೋಡುವನು. ಟೋಕನ್ ಕೊಂಡವನು ದರವನ್ನು ನೋಡುತ್ತ ಕೂರುವನು. ಕಲೆಗೆ ಬೇಕಾದವನು ಮೊದಲನೆಯವನು.