ಯಾರು ಯಾರಿಗಾಗಿ ಕಾಯಬೇಕು?
“ಮೂರು ವರ್ಷ ಆಯ್ತಣ್ಣಾ, ಇನ್ನೂ ನಮ್ಮ ನಂಬರ್ ಬಂದಿಲ್ಲ” ಎಂದು ಈ ವಾರ ಕೋಲಾರ ಜಿಲ್ಲೆಯ ವೇಮಗಲ್‌ನ ಟೀ ಅಂಗಡಿಯಲ್ಲಿ ಪರಿಚಯದ ರೈತರೊಬ್ಬರು ಮೊಬೈಲ್ ಮುಂದೆ ಹಿಡಿದರು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ‘ಕಾರಾ’ದ ಪೋರ್ಟಲ್‌ನಲ್ಲಿ ಅವರ ಮುಂದೆ ಇನ್ನೂ ಸಾಕಷ್ಟು ಜನ. ಕೇಳಿದ್ದು ಎರಡು ವರ್ಷದೊಳಗಿನ, ಕಾಯಿಲೆ ಕಸಾಲೆಯಿಲ್ಲದ ಕೂಸು. ದೇಶದ ಮೂವತ್ತು ಸಾವಿರಕ್ಕೂ ಹೆಚ್ಚು ಅರ್ಜಿದಾರರಲ್ಲಿ ಬಹುಪಾಲು ಮಂದಿ ಕೇಳುವುದೂ ಅದನ್ನೇ. 2024–25ರಲ್ಲಿ ದತ್ತು ಹೋದ ಮಕ್ಕಳು 4,515, ಅದೇ ಆವರೆಗಿನ ಹತ್ತು ವರ್ಷಗಳಲ್ಲಿ ಹೆಚ್ಚು. ಲೆಕ್ಕ ಇಷ್ಟೇ ಆಗಿದ್ದರೆ ಸರ್ಕಾರವನ್ನು ಬೈದು ಟೀ ಮುಗಿಸಬಹುದಿತ್ತು. ಆದರೆ ಐದು ವರ್ಷ ದಾಟಿದವರು, ಜೊತೆಗೇ ಹೋಗಬೇಕಾದ ಅಣ್ಣ-ತಂಗಿಯರು, ವಿಶೇಷ ಅಗತ್ಯದ ಮಕ್ಕಳು ಅದೇ ಪೋರ್ಟಲ್‌ನಲ್ಲಿ ಕೇಳುವವರಿಲ್ಲದೆ ಉಳಿದಿದ್ದಾರೆ. ಅವರಲ್ಲಿ ಹಲವರಿರುವ ಪಟ್ಟಿಯ ಹೆಸರೋ ‘ತಕ್ಷಣದ ದತ್ತು’! ಕೋಲಾರದ ಟೊಮೆಟೊ ಮಂಡಿಯಲ್ಲಿ ನುಣುಪು ಹಣ್ಣಿನ ಬಾಕ್ಸಿಗೆ ಕೂಗಾಟ, ಚುಕ್ಕೆ ಬಿದ್ದದ್ದು ಮೂಲೆಗೆ. ಮಂಡಿಗೆ ಅದು ಒಪ್ಪುವ ನ್ಯಾಯ, ಮನೆಗಲ್ಲ. ಕಾನೂನು ತನ್ನ ಪಾಲಿನ ವಿಳಂಬವನ್ನು ಕೊಂಚ ಕಡಿಮೆ ಮಾಡಿದೆ: 2022ರಿಂದ ದತ್ತು ಆದೇಶಕ್ಕೆ ಕೋರ್ಟ್ ಅಲೆಯಬೇಕಿಲ್ಲ, ಜಿಲ್ಲಾಧಿಕಾರಿಯೇ ಕೊಡುತ್ತಾರೆ. ನಮ್ಮ ಆಯ್ಕೆಗೆ ಮಾತ್ರ ಯಾವ ತಿದ್ದುಪಡಿಯೂ ಇಲ್ಲ. ಎಳೆಗೂಸನ್ನೇ ಬಯಸುವುದು ತಪ್ಪೆನ್ನಲಾರೆ. ಹಾಲುಗಲ್ಲದ ಆಸೆ ಯಾರಿಗಿಲ್ಲ? ಆದರೆ ಆ ಆಸೆಯ ಬೆಲೆ ಮೂರು ವರ್ಷ ಎಂದು ತಿಳಿದೇ ಕಾಯಬೇಕು, ಮಕ್ಕಳೇ ಇಲ್ಲ ಎಂದು ದೂರಬಾರದು. ಆರು ವರ್ಷದ ಹುಡುಗನಿಗೂ ‘ಅಪ್ಪಾ’ ಎನ್ನಲು ಬರುತ್ತದೆ, ಅರ್ಜಿಯಲ್ಲಿ ವಯಸ್ಸಿನ ಕಾಲಂ ಅಷ್ಟು ಹಿಗ್ಗಬೇಕು.