ಚಂದ್ರನ ನಕ್ಷೆಯೂ ನಮ್ಮೂರ ಬಾಂದು ಕಲ್ಲೂ

ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು ಪಿರಿಯಾಪಟ್ಟಣ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಅತಿಥಿಯಾಗಿ ಹೋಗಿದ್ದೆ. ಗೋಡೆಯ ಮೇಲೆ ಚಂದ್ರನ ದೊಡ್ಡ ನಕ್ಷೆಯೊಂದನ್ನು ಅಂಟಿಸಿದ್ದರು. ಭಾಷಣಗಳು ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಕುಳಿಗಳು ಮಧ್ಯದಲ್ಲಿ ದುಂಡಗಿವೆ, ಕೆಳಗಡೆ ಮಾತ್ರ ಯಾಕೆ ಮೊಟ್ಟೆ ಥರ ಅಡ್ಡಡ್ಡ ಹಿಗ್ಗಿವೆ?’ ಎಂದು ಕೇಳಿದಳು. ಅಂದು ಅಲ್ಲಿ ಆಡಿದ ಮಾತುಗಳಲ್ಲೆಲ್ಲ ಅದೇ ಮುಖ್ಯವಾದುದು.

ಕುಳಿಗಳು ಹಿಗ್ಗಿಲ್ಲ, ಹಿಗ್ಗಿರುವುದು ಕಾಗದ. ಒಡೆದ ರಬ್ಬರ್ ಚೆಂಡೊಂದನ್ನು ತರಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಮಕ್ಕಳಿಗೆ ಹೇಳಿದೆ. ಒಂದೋ ಅದು ಹರಿಯಬೇಕು, ಇಲ್ಲವೇ ಎಳೆದುಕೊಳ್ಳಬೇಕು. ಗೋಳದ ಮೈಯನ್ನು ಅಳತೆಗೆ ಚ್ಯುತಿಯಿಲ್ಲದಂತೆ ಸಮತಲಕ್ಕೆ ಇಳಿಸುವುದು ಅಸಾಧ್ಯವೆಂದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ಸಾಧಿಸಿ ತೋರಿಸಿದ. ಆದ್ದರಿಂದ ನಕ್ಷೆ ಬರೆಯುವವನು ಆಕಾರ, ವಿಸ್ತೀರ್ಣ, ದೂರ, ದಿಕ್ಕುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನದ ಹೆಸರೇ ಪ್ರಕ್ಷೇಪ.

ಶಾಲೆಯ ಗೋಡೆಯ ಮೇಲಿದ್ದುದು ಅಕ್ಷಾಂಶ, ರೇಖಾಂಶಗಳನ್ನು ಸಮನಾದ ಚೌಕಗಳಾಗಿ ಎಳೆಯುವ ಸರಳ ಪ್ರಕ್ಷೇಪ. ಇಡೀ ಗ್ರಹವನ್ನು ಒಂದೇ ಹಾಳೆಯಲ್ಲಿ ತೋರಿಸಲು ಬಾಹ್ಯಾಕಾಶ ಸಂಸ್ಥೆಗಳು ಹೆಚ್ಚಾಗಿ ಬಳಸುವುದು ಇದನ್ನೇ. ಚಂದ್ರಯಾನ-3ರ ವಿಕ್ರಮ್ 2023ರಲ್ಲಿ ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಈ ನಕ್ಷೆಯಲ್ಲಿ ಆ ಜಾಗ ಪೂರ್ವ–ಪಶ್ಚಿಮವಾಗಿ ಸುಮಾರು 2.8 ಪಟ್ಟು ಹಿಗ್ಗಿ ಕಾಣುತ್ತದೆ. 1569ರ ಮರ್ಕೇಟರ್ ಪ್ರಕ್ಷೇಪದಲ್ಲಾದರೆ ಕುಳಿಗಳ ದುಂಡು ಉಳಿಯುತ್ತದೆ. ಆದರೆ ವಿಸ್ತೀರ್ಣ ಎಂಟು ಪಟ್ಟಾಗುತ್ತದೆ. ಧ್ರುವವಂತೂ ಸರಳ ಪ್ರಕ್ಷೇಪದಲ್ಲಿ ಬಿಂದುವಾಗಿ ಉಳಿಯದೆ, ಸಮಭಾಜಕದಷ್ಟೇ ಉದ್ದದ ಗೆರೆಯಾಗಿಬಿಡುತ್ತದೆ. ಧ್ರುವಪ್ರದೇಶಕ್ಕೆಂದೇ ಬೇರೆ ಪ್ರಕ್ಷೇಪದಲ್ಲಿ ಪ್ರತ್ಯೇಕ ನಕ್ಷೆ ಬರೆಯುವುದು ಈ ಕಾರಣಕ್ಕೇ.

ನಮ್ಮ ನೌಕೆ ‘ದಕ್ಷಿಣ ಧ್ರುವದಲ್ಲೇ’ ಇಳಿಯಿತೆಂದು ಆಗ ಎಷ್ಟೋ ಜನ ನಂಬಿದ್ದರು. ನಿಜವಾಗಿ ಅದು ಇಳಿದದ್ದು ಧ್ರುವದಿಂದ ಆರುನೂರು ಕಿಲೋಮೀಟರಿಗೂ ಆಚೆ. ಮೈಸೂರಿನಿಂದ ಹೈದರಾಬಾದಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟು ದೂರ. ಇದರಿಂದ ವಿಜ್ಞಾನಿಗಳ ಸಾಧನೆ ಎಳ್ಳಷ್ಟೂ ಕುಂದುವುದಿಲ್ಲ. ಆದರೆ ಸಾಧನೆಯನ್ನು ಕೊಂಡಾಡುವವರಿಗೆ ಅದು ನಡೆದ ಸ್ಥಳವಾದರೂ ಸರಿಯಾಗಿ ತಿಳಿದಿರಬೇಡವೇ?

ಇದೆಲ್ಲ ಆಕಾಶದ ಮಾತು, ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಗೆ ಏನಾಗಬೇಕು ಎಂದು ಓದುಗರು ಕೇಳಬಹುದು. ಹುಣಸೂರು ಉಪವಿಭಾಗದಲ್ಲಿ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕೆಲಸ ಮಾಡಿದವನಾಗಿ ಉತ್ತರ ಹೇಳುವ ಹೊಣೆ ನನಗಿದೆ. ಈಗ ಸರಗೂರು, ಸಾಲಿಗ್ರಾಮಗಳೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಜಮೀನಿನ ತಕರಾರುಗಳ ಸ್ವರೂಪ ಮಾತ್ರ ಬದಲಾಗಿಲ್ಲ.

ನನ್ನ ಸೇವಾವಧಿಯಲ್ಲಿ ಕಾಡಂಚಿನ ಎರಡು ಎಕರೆಯ ರೈತನೊಬ್ಬನ ಕಡತ ನನ್ನ ಮುಂದೆ ಬಂತು. ಗ್ರಾಮನಕ್ಷೆಯನ್ನು ದೊಡ್ಡ ನಕ್ಷೆಯ ಮೇಲೆ ಕೂರಿಸಿ ನೋಡಿದಾಗ ಅವನ ಹೊಲ ಅರಣ್ಯದೊಳಗೆ ಬಿದ್ದಿತ್ತು. ತೆರವಿನ ಆದೇಶಕ್ಕೆ ನನ್ನ ಸಹಿಯೊಂದೇ ಬಾಕಿ. ಆತ ಕೈಮುಗಿದು, ‘ಕಲ್ಲು ಅಲ್ಲೇ ಅದೆ ಸ್ವಾಮಿ, ನಿಮ್ ಕಾಗ್ದದಲ್ಲಿ ಮಾತ್ರ ನನ್ ಹೊಲ ಎದ್ದೋಗದೆ’ ಎಂದ. ಆ ಮಾತಿಗೆ ಪೆನ್ನು ಕೆಳಗಿಟ್ಟೆ. ಮರುವಾರ ಸರ್ವೆಯವರು ಬಾಂದು ಕಲ್ಲಿನಿಂದ ಸರಪಳಿ ಎಳೆದು ಅಳೆದರು. ಹೊಲ ಅವನ ತಂದೆಯ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಎರಡು ನಕ್ಷೆಗಳ ಆಧಾರಗಳೇ ಬೇರೆ ಬೇರೆ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ತಪ್ಪು ನನ್ನದು. ಅಂದು ಸಹಿ ಹಾಕಿದ್ದರೆ ಬೆಲೆ ತೆರುತ್ತಿದ್ದವನು ಅವನು.

ಒಂದೇ ಗ್ರಾಮದ ಅಳತೆಯಲ್ಲಿ ಭೂಮಿಯ ಬಾಗು ಲೆಕ್ಕಕ್ಕೆ ಬಾರದು ನಿಜ. ಮೂವತ್ತಮೂರು ಅಡಿಯ ಸರಪಳಿ, ನಲವತ್ತು ಗುಂಟೆಯ ಎಕರೆ, ಇವು ಸಮತಲದ ಲೆಕ್ಕಗಳು. ಅಲ್ಲಿಗೆ ಅವೇ ಸಾಕು. ತೊಡಕು ಹುಟ್ಟುವುದು ಅವನ್ನೆಲ್ಲ ಜೋಡಿಸಿ ಉಪಗ್ರಹದ ಚಿತ್ರದ ಮೇಲೆ ಕೂರಿಸುವಾಗ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯಲ್ಲಿ ತ್ರಿಕೋನಮಾಪನ ಆರಂಭಿಸಿದ. ಮುಂದೆ ಸರ್ವೆ ಆಫ್ ಇಂಡಿಯಾ ಎವರೆಸ್ಟ್ ಕಲ್ಪಿಸಿದ ಭೂಮಿಯ ಆಕಾರವನ್ನು ಆಧಾರವಾಗಿಟ್ಟುಕೊಂಡು ನಕ್ಷೆ ಬರೆಯಿತು. ಇಂದಿನ ಮೊಬೈಲುಗಳ ಜಿಪಿಎಸ್ ಬಳಸುವ ಆಧಾರ ಬೇರೆ. ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಎರಡು ಎಕರೆಯವನ ಹೊಲದ ಉದ್ದವೇ ಅಷ್ಟಿರುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಹೊಸದೆನಿಸಬಾರದಿತ್ತು. ಜಿಲ್ಲೆಯ ಸರಾಸರಿ ತಲಾ ಆದಾಯವೂ ಒಂದು ಬಗೆಯ ಪ್ರಕ್ಷೇಪವೇ. ಅದರಲ್ಲಿ ಮೈಸೂರು ನಗರ ಹಿಗ್ಗಿ, ಎಚ್.ಡಿ. ಕೋಟೆಯ ಹಾಡಿ ಮರೆಯಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ತಾಲ್ಲೂಕನ್ನು ಘಟಕವಾಗಿ ಹಿಡಿದು ಹಿಂದುಳಿದಿರುವಿಕೆಯನ್ನು ಅಳೆದುದರ ಮಹತ್ವ ಇಲ್ಲಿದೆ. ನಕ್ಷೆಯಾಗಲಿ ಅಂಕಿಅಂಶವಾಗಲಿ ಸುಳ್ಳು ಹೇಳುವುದಿಲ್ಲ. ಏನನ್ನು ಬಿಟ್ಟುಕೊಟ್ಟಿದ್ದೇನೆಂದು ತಾನಾಗಿ ಹೇಳುವುದೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಮೊದಲನೆಯದಾಗಿ, ಪಠ್ಯಪುಸ್ತಕದಲ್ಲಾಗಲಿ ಪತ್ರಿಕೆಯಲ್ಲಾಗಲಿ ಅಚ್ಚಾಗುವ ಪ್ರಪಂಚದ ಅಥವಾ ಗ್ರಹದ ನಕ್ಷೆಯ ಕೆಳಗೆ ಪ್ರಕ್ಷೇಪದ ಹೆಸರು, ಅದು ಯಾವುದನ್ನು ಹಿಗ್ಗಿಸುತ್ತದೆ ಎಂಬ ಒಂದು ಸಾಲು ಇರಬೇಕು. ಮರ್ಕೇಟರ್ ನಕ್ಷೆಯ ಬದಲು ಖಂಡಗಳ ವಿಸ್ತೀರ್ಣವನ್ನು ಸರಿಯಾಗಿ ತೋರುವ ನಕ್ಷೆ ಬಳಕೆಗೆ ಬರಲೆಂಬ ಅಭಿಯಾನವನ್ನು ಆಫ್ರಿಕಾ ಒಕ್ಕೂಟವೇ 2025ರಲ್ಲಿ ಬೆಂಬಲಿಸಿದೆ. ನಾವು ಕೇಳುತ್ತಿರುವುದು ಅದಕ್ಕಿಂತ ಕಡಿಮೆ. ಎರಡನೆಯದಾಗಿ, ಪ್ರತಿ ಪ್ರೌಢಶಾಲೆಗೂ ಭೂಗೋಳದ ಜೊತೆಗೆ ಒಂದು ಚಂದ್ರಗೋಳ ಕೊಡಬೇಕು. ಚಂದ್ರಯಾನಗಳ ಮಾಹಿತಿ ಸಂಗ್ರಹವಾಗುವ ಬ್ಯಾಲಾಳು ಬೆಂಗಳೂರಿನ ಪಕ್ಕದಲ್ಲೇ ಇರುವಾಗ ನಮ್ಮ ಮಕ್ಕಳು ಚಂದ್ರನನ್ನು ಗೋಡೆಯ ಹಾಳೆಯಲ್ಲಷ್ಟೇ ನೋಡಬೇಕೇ? ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸಿದ ಚಿತ್ರವನ್ನೇ ಸಾಕ್ಷ್ಯವೆಂದು ಹಿಡಿದು, ಸ್ಥಳದಲ್ಲಿ ಅಳತೆ ಮಾಡದೆ ಯಾರನ್ನೂ ಒಕ್ಕಲೆಬ್ಬಿಸಬಾರದು. 2020ರಲ್ಲಿ ಸ್ವಾಮಿತ್ವ ಯೋಜನೆಯೊಂದಿಗೆ ಡ್ರೋನ್ ಸರ್ವೆ ಹಳ್ಳಿಯ ಮನೆಬಾಗಿಲಿಗೆ ಬಂದ ಮೇಲಂತೂ ಈ ಎಚ್ಚರ ಇನ್ನೂ ಅಗತ್ಯ.

ಆ ಹುಡುಗಿ ನಕ್ಷೆಯನ್ನು ನಂಬುವ ಮೊದಲು ಪ್ರಶ್ನೆ ಕೇಳಿದಳು. ನಾನು ಸಹಿ ಹಾಕುವ ಹಂತಕ್ಕೆ ಬಂದಿದ್ದರೂ ಅದನ್ನು ಕೇಳಿರಲಿಲ್ಲ. ಅಧಿಕಾರದ ಕುರ್ಚಿಯಲ್ಲಿ ಇಂದು ಕುಳಿತಿರುವ ನನ್ನ ಕಿರಿಯ ಮಿತ್ರರು ಅವಳಿಂದ ಕಲಿಯಲಿ.